ದೇವರ ಶಂಕೆಯೂ ನೀತಿಯ ನೆಲೆಯೂ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಆಪ್ತಮಿತ್ರರೊಬ್ಬರ ವಾದವಿದು: “ದೇವರು ಮನುಷ್ಯನ ಭಯದಿಂದ ಹುಟ್ಟಿದವನು; ಆ ಭಯದ ಮೇಲೆ ಕಟ್ಟಿದ್ದೇ ನೀತಿ. ದೇವರಿಲ್ಲವೆಂದ ಮೇಲೆ ನೀತಿಗೂ ಆಧಾರವಿಲ್ಲ. ಬೆಳಿಗ್ಗೆ ಗುಡಿಯಲ್ಲಿ ಕೈಮುಗಿದವನೇ ಮಧ್ಯಾಹ್ನ ಪೇಟೆಯಲ್ಲಿ ತೂಕದ ಮೋಸ ಮಾಡುವುದಿಲ್ಲವೇ?”

ಕೊನೆಯ ಮಾತಿನಲ್ಲಿ ಸತ್ಯವುಂಟು. ಕೈಮುಗಿದ ಮಾತ್ರಕ್ಕೆ ತಕ್ಕಡಿ ನೆಟ್ಟಗಾಗದು. ಆದರೆ ಇದರಿಂದ ಸಿದ್ಧವಾಗುವುದು ಪೂಜೆಯೊಂದೇ ನೀತಿಯಲ್ಲವೆಂಬುದು, ನೀತಿಯೇ ಇಲ್ಲವೆಂಬುದಲ್ಲ. ನ್ಯಾಯಕ್ಕೆ ಆಧಾರವೇ ಇಲ್ಲವಾದರೆ, ಕಳ್ಳತೂಕವನ್ನು ಕಂಡು ಮಿತ್ರರಿಗೆ ಕೋಪವೇಕೆ ಬರಬೇಕು?

ನಮ್ಮ ಸಾಹಿತ್ಯವನ್ನೇ ನೋಡೋಣ. 941ರಲ್ಲಿ ಆದಿಪುರಾಣವನ್ನು ರಚಿಸಿದ ಪಂಪನು ಜೈನನು. ಜಗತ್ತನ್ನು ಸೃಷ್ಟಿಸಿ, ಪಾಪಿಗಳನ್ನು ದಂಡಿಸುವ ಈಶ್ವರನನ್ನು ಜೈನಮತವು ಒಪ್ಪುವುದಿಲ್ಲ. ಆದರೂ ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ವ್ರತಗಳನ್ನು ಅದು ವಿಧಿಸಿತು. ಅಲ್ಲಿ ಭಯಪಡಿಸುವ ಒಡೆಯನಿಲ್ಲ. ತನ್ನ ಕರ್ಮಕ್ಕೆ ತಾನೇ ಹೊಣೆಯೆಂಬ ಎಚ್ಚರವಿದೆ.

ನಾವು ನೆಲೆಸಿರುವ ಈ ಆಂಧ್ರದೇಶದಲ್ಲಿಯೇ ಇನ್ನೊಂದು ನಿದರ್ಶನವುಂಟು. ಗೋರಾ ಎಂದು ಪ್ರಸಿದ್ಧರಾದ ಗೋಪರಾಜು ರಾಮಚಂದ್ರರಾಯರು 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಸ್ಥಾಪಿಸಿದರು. ಅಸ್ಪೃಶ್ಯತೆಯ ನಿವಾರಣೆಗಾಗಿ ದುಡಿದರು. ಅಸ್ಪೃಶ್ಯರೆನಿಸಿದ್ದ ಸಮುದಾಯದ ತರುಣನಿಗೆ ತಮ್ಮ ಮಗಳನ್ನು ಕೊಡಲು ನಿಶ್ಚಯಿಸಿದಾಗ, ಪರಮ ಆಸ್ತಿಕರಾದ ಗಾಂಧೀಜಿಯವರು ವಿವಾಹವನ್ನು ಸೇವಾಗ್ರಾಮದಲ್ಲಿ ನಡೆಸಲು ಒಪ್ಪಿದರು. ಪ್ರತಿಜ್ಞೆಯು ದೇವರ ಹೆಸರಿನ ಬದಲು ಸತ್ಯದ ಹೆಸರಿನಲ್ಲಿ ಆಗಲೆಂದರು. ಮಹಾತ್ಮರು ಅಗಲಿದ ಮೇಲೆ, 1948ರಲ್ಲಿ, ಆ ವಿವಾಹವು ಅಲ್ಲಿಯೇ ನೆರವೇರಿತು. ದೇವರ ವಿಷಯದಲ್ಲಿ ಕೂಡದ ಇಬ್ಬರು ಮನುಷ್ಯನ ವಿಷಯದಲ್ಲಿ ಕೂಡಿದರು.

ನಾವು ದೇವರನ್ನು ನಂಬಿದವರು; ಆ ನಂಬಿಕೆಯನ್ನು ಬಿಡಲು ಕಾರಣವನ್ನು ಕಾಣೆವು. ಭಕ್ತಿಯು ಎಷ್ಟೋ ಜನರಿಗೆ ಕಷ್ಟಕಾಲದ ಊರುಗೋಲಾಗಿದೆ. ಆದರೆ ಮಕ್ಕಳಿಗೆ “ದೇವರು ಶಿಕ್ಷಿಸುತ್ತಾನೆ” ಎಂಬುದೊಂದನ್ನೇ ಕಲಿಸಿದರೆ, ಭಯವು ಹೋದ ದಿನ ನೀತಿಯೂ ಹೋದೀತು. ಆಗ ಮಿತ್ರರ ವಾದವನ್ನು ನಾವೇ ಗೆಲ್ಲಿಸಿದಂತಾಗುವುದು. “ನಿನಗೆ ನೋವಾಗುವಂತೆಯೇ ನೆರೆಯವನಿಗೂ ನೋವಾಗುತ್ತದೆ” ಎಂದು ಮೊದಲು ತಿಳಿಸೋಣ. ಈ ಅರಿವುಳ್ಳ ಮಗುವು ಮುಂದೆ ಆಸ್ತಿಕನಾಗಲಿ, ಸಂಶಯವಾದಿಯಾಗಲಿ, ಇನ್ನೊಬ್ಬರ ಅನ್ನವನ್ನು ಕಸಿಯಲಾರದು.

ಮಿತ್ರರಲ್ಲಿ ನಮ್ಮ ವಿನಂತಿ ಇಷ್ಟೇ: ದೇವರನ್ನು ಶಂಕಿಸಿರಿ, ಅದು ನಿಮ್ಮ ಸ್ವಾತಂತ್ರ್ಯ, ಕರುಣೆಯನ್ನು ಮಾತ್ರ ಶಂಕಿಸಬೇಡಿರಿ. ಆಸ್ತಿಕರಾದ ನಾವೂ ಆಚಾರದಿಂದಲೇ ನಮ್ಮ ಭಕ್ತಿಗೆ ಸಾಕ್ಷಿ ನುಡಿಯೋಣ.