ಮಕ್ಕಳ ಪುಸ್ತಕವೂ ಶಾಲೆಯ ಗ್ರಂಥಪಾಲಕನೂ

[ಮಹೋತ್ಸವದ ವಿದ್ವದ್ಗೋಷ್ಠಿಯಲ್ಲಿ ಓದಿದ ಉಪನ್ಯಾಸ]



ಮಠಗಳಿಗೂ ಪುಸ್ತಕಗಳಿಗೂ ಇರುವ ಸಂಬಂಧವು ಇಂದು ನಿನ್ನೆಯದಲ್ಲ. ಅಚ್ಚಿನ ಯಂತ್ರವು ಈ ನಾಡಿಗೆ ಬರುವುದಕ್ಕೆ ಬಹುಕಾಲ ಮೊದಲೇ ಓಲೆಯ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ, ಹುಳು ಹಿಡಿಯದಂತೆಯೂ ತೇವ ತಾಗದಂತೆಯೂ ಕಾಪಾಡಿಕೊಂಡು ಬಂದ ಮಠಗಳು ಅನೇಕವುಂಟು. ಓಲೆಯನ್ನು ಪ್ರತಿಮಾಡಿದ ಲಿಪಿಕಾರನು ಗ್ರಂಥದ ಕಡೆಯಲ್ಲಿ ತಾನು ಪಟ್ಟ ಶ್ರಮವನ್ನು ಹೇಳಿಕೊಂಡು, ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಇದನ್ನು ರಕ್ಷಿಸಬೇಕೆಂದು ಬೇಡಿಕೊಳ್ಳುವುದು ವಾಡಿಕೆಯಾಗಿತ್ತು. ಒಂದು ಪ್ರತಿಯು ಹೋದರೆ ಗ್ರಂಥವೇ ಹೋಗಬಹುದಾಗಿದ್ದ ಕಾಲದಲ್ಲಿ ಆ ಎಚ್ಚರವು ಯುಕ್ತವೇ ಸರಿ. ಆದರೆ ಒಂದೇ ಪುಸ್ತಕವು ಸಾವಿರಾರು ಪ್ರತಿಗಳಾಗಿ ಅಚ್ಚಾಗುವ ಈ ಕಾಲದಲ್ಲಿ, ಮಕ್ಕಳ ಕಥೆಯ ಪುಸ್ತಕಕ್ಕೂ ಅದೇ ಕಾವಲನ್ನು ಹಾಕುವುದು ಯುಕ್ತವೋ ಅಲ್ಲವೋ ಎಂಬುದು ವಿಚಾರಣೀಯವಾಗಿದೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ಈ ನಾಲ್ಕು ಸೀಮೆಗಳ ಶಾಲೆಗಳಲ್ಲಿ ಪುಸ್ತಕಗಳೇ ಇಲ್ಲವೆಂದು ಹೇಳುವಂತಿಲ್ಲ. ಸರಕಾರದಿಂದ ಬಂದವು ಕೆಲವು, ದಾನಿಗಳಿಂದ ಬಂದವು ಕೆಲವು. ಆದರೆ ಅನೇಕ ಕಡೆಗಳಲ್ಲಿ ಅವು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುವಿನೊಳಗೆ ಬೀಗದ ರಕ್ಷಣೆಯಲ್ಲಿರುವುವು. ಇದಕ್ಕೆ ಉಪಾಧ್ಯಾಯರನ್ನು ನಿಂದಿಸಿ ಪ್ರಯೋಜನವಿಲ್ಲ. ಪ್ರಾಥಮಿಕ ಶಾಲೆಗಳಲ್ಲಿ ಪ್ರತ್ಯೇಕವಾಗಿ ಗ್ರಂಥಪಾಲಕನೊಬ್ಬನಿರುವುದು ತೀರ ಅಪೂರ್ವ. ಪಾಠ ಹೇಳುವ ಉಪಾಧ್ಯಾಯರೊಬ್ಬರ ಹೆಗಲಿಗೇ ಆ ಕೆಲಸವೂ ಬೀಳುವುದು. ದಾಸ್ತಾನಿನ ಪುಸ್ತಕದಲ್ಲಿ ಬರೆದ ಸಂಖ್ಯೆಗೂ ಬೀರುವಿನಲ್ಲಿರುವ ಸಂಖ್ಯೆಗೂ ವ್ಯತ್ಯಾಸ ಕಂಡರೆ ಉತ್ತರ ಹೇಳಬೇಕಾದವರು ಅವರು. ಓದಿದ ಮಕ್ಕಳೆಷ್ಟು ಎಂದು ಕೇಳುವವರು ವಿರಳ, ಉಳಿದ ಪುಸ್ತಕಗಳೆಷ್ಟು ಎಂದು ಕೇಳುವವರು ಬಹಳ. ಹೀಗಿರಲು ಬೀಗವನ್ನು ಹಾಕಿದವನೇ ಜಾಣನೆನಿಸಿಕೊಳ್ಳುವುದರಲ್ಲಿ ಆಶ್ಚರ್ಯವೇನು?

ಈ ವಿಷಯದಲ್ಲಿ ನಮ್ಮ ದೇಶದವರೇ ಆದ ಮಹನೀಯರೊಬ್ಬರು ಜಗತ್ತಿಗೇ ದಾರಿ ತೋರಿಸಿದರು. ಅವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು ೧೯೨೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಕಡೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲಸಿ, ೧೯೬೨ರಲ್ಲಿ ಅಲ್ಲಿ ಈ ಶಾಸ್ತ್ರದ ಸಂಶೋಧನ ಶಿಕ್ಷಣ ಕೇಂದ್ರವನ್ನು ಸ್ಥಾಪಿಸಿ, ೧೯೭೨ರಲ್ಲಿ ದಿವಂಗತರಾದರು. ೧೯೩೧ರಲ್ಲಿ ಅವರು ಪ್ರಕಟಿಸಿದ ಐದು ಸೂತ್ರಗಳ ಸಾರವಿಷ್ಟು: ಪುಸ್ತಕವಿರುವುದು ಉಪಯೋಗಕ್ಕಾಗಿ, ಪ್ರತಿಯೊಬ್ಬ ವಾಚಕನಿಗೂ ಅವನಿಗೆ ತಕ್ಕ ಪುಸ್ತಕವು ದೊರೆಯತಕ್ಕದ್ದು, ಪ್ರತಿಯೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ವಾಚಕನು ದೊರೆಯತಕ್ಕದ್ದು, ವಾಚಕನ ಕಾಲವು ವ್ಯರ್ಥವಾಗಬಾರದು, ಗ್ರಂಥಾಲಯವು ಬೆಳೆಯುತ್ತಿರುವ ಜೀವದಂತಹುದು. ಮೊದಲನೆಯ ಸೂತ್ರವೊಂದೇ ಬೀರುವಿನ ಬೀಗವನ್ನು ತೆಗೆಸುವುದಕ್ಕೆ ಸಾಕು. ಆದರೆ ಎರಡನೆಯದೂ ಮೂರನೆಯದೂ ನಡೆಯಬೇಕಾದರೆ ಬೀಗ ತೆಗೆದರೆ ಸಾಲದು. ಯಾವ ಮಗುವಿಗೆ ಯಾವ ಪುಸ್ತಕವು ತಕ್ಕುದೆಂದು ಬಲ್ಲವನೊಬ್ಬನು ಬೀರುವಿನ ಬಳಿ ನಿಂತಿರಬೇಕು. ಬಲ್ಲವನಾಗಬೇಕಾದರೆ ಅವನು ಆ ಪುಸ್ತಕಗಳನ್ನು ತಾನೇ ಓದಿರಬೇಕು, ಓದಿದುದನ್ನು ಬರೆದಿಡಬೇಕು. ಈ ಕಡೆಯ ಮಾತೇ ಇಂದಿನ ಉಪನ್ಯಾಸದ ಮುಖ್ಯವಿಷಯ.

ಶಾಲೆಯ ಮಧ್ಯಾಹ್ನದ ಊಟಕ್ಕೆ ನಮ್ಮ ರಾಜ್ಯದಲ್ಲಿ ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿರುವರು. ಆ ಶಬ್ದವು ಶರಣರ ಪರಂಪರೆಯಿಂದ ಬಂದುದೆಂಬುದು ಇಲ್ಲಿ ನೆರೆದವರಿಗೆ ಹೇಳಬೇಕಾದ ಮಾತಲ್ಲ. ಆ ಊಟವನ್ನು ಮಕ್ಕಳಿಗೆ ಬಡಿಸುವ ಮುನ್ನ ಉಪಾಧ್ಯಾಯರು ರುಚಿ ನೋಡತಕ್ಕದ್ದೆಂಬ ನಿಯಮವುಂಟು. ಹೊಟ್ಟೆಗೆ ಹೋಗುವ ಅನ್ನಕ್ಕೆ ಇಷ್ಟು ಎಚ್ಚರವಿರುವಾಗ ಮನಸ್ಸಿಗೆ ಹೋಗುವ ಪುಸ್ತಕವನ್ನು ರುಚಿ ನೋಡದೆ ಬಡಿಸುವುದು ಸರಿಯೆ? ಪುಸ್ತಕವನ್ನು ಓದಿ, ಅದರ ಗುಣದೋಷಗಳನ್ನು ನಾಲ್ಕು ಸಾಲಿನಲ್ಲಿ ಬರೆದಿಡುವ ಗ್ರಂಥಪಾಲಕನು ಆ ರುಚಿ ನೋಡುವ ಕಾರ್ಯವನ್ನೇ ಮಾಡುತ್ತಾನೆ. ಅವನ ಬರಹವು ಶಾಲೆಯ ಗೋಡೆಯ ಪತ್ರಿಕೆಯಲ್ಲಿ ಬಂದರೆ ಮಕ್ಕಳಿಗೆ ಪ್ರಯೋಜನ. ನೆರೆಯ ಶಾಲೆಗೆ ಹೋದರೆ ಅಲ್ಲಿಯ ಉಪಾಧ್ಯಾಯರಿಗೆ ಪ್ರಯೋಜನ. ತಂದೆತಾಯಿಗಳ ಸಭೆಯಲ್ಲಿ ಓದಿದರೆ ಮನೆಗೆ ಪ್ರಯೋಜನ.

ಮಕ್ಕಳೊಡನೆ ಇದ್ದವರೇ ಮಕ್ಕಳ ಪುಸ್ತಕವನ್ನು ಬಲ್ಲರೆಂಬುದಕ್ಕೆ ಕನ್ನಡದಲ್ಲಿ ನಿದರ್ಶನಗಳಿಗೆ ಕೊರತೆಯಿಲ್ಲ. ಕವಿಶಿಷ್ಯರೆಂದು ಪ್ರಸಿದ್ಧರಾದ ಪಂಜೆ ಮಂಗೇಶರಾಯರು (೧೮೭೪–೧೯೩೭) ಉಪಾಧ್ಯಾಯರಾಗಿಯೂ ಶಾಲೆಗಳ ತನಿಖಾಧಿಕಾರಿಗಳಾಗಿಯೂ ಇದ್ದವರು. ಜಿ. ಪಿ. ರಾಜರತ್ನಂ ಅವರಾದರೋ ಈ ಸೀಮೆಯವರೇ. ಅವರು ಹುಟ್ಟಿದ್ದು ರಾಮನಗರದಲ್ಲಿ. ಎಂ.ಎ. ಪದವಿಯನ್ನು ಪಡೆದಿದ್ದರೂ ಅವರು ಶಿಶುವಿಹಾರದ ಎಳೆಯ ಮಕ್ಕಳಿಗೆ ಪಾಠ ಹೇಳಿದರು. ಪಠ್ಯದ ಪದ್ಯವು ಆ ಎಳೆಯರಿಗೆ ಕಠಿನವಾಗಿದ್ದುದನ್ನು ಕಂಡು ತಾವೇ ಅವರ ನಾಲಗೆಗೆ ಒಗ್ಗುವ ಪದ್ಯಗಳನ್ನು ಕಟ್ಟತೊಡಗಿದರೆಂಬುದು ಪ್ರಸಿದ್ಧವಾಗಿದೆ. ‘ತುತ್ತೂರಿ’ಯು ಹುಟ್ಟಿದುದು ಹೀಗೆ. ಅವರು ೧೯೭೯ರಲ್ಲಿ ತೀರಿಕೊಂಡರು; ಆ ಪದ್ಯವನ್ನರಿಯದ ಕನ್ನಡದ ಮನೆಯು ಇಂದಿಗೂ ವಿರಳ. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಅಚ್ಚಾದ ಪಠ್ಯವೇ ಪ್ರಮಾಣವೆಂದು ಅವರು ಸುಮ್ಮನಿರಲಿಲ್ಲ. ಮಗುವಿನ ಮುಖವನ್ನು ನೋಡಿ ತೀರ್ಪು ಮಾಡಿದರು. ಅವರಿಗೆ ಬಂದ ‘ಸಾಹಿತ್ಯ ಪರಿಚಾರಕ’ರೆಂಬ ಹೆಸರು ಪ್ರತಿಯೊಬ್ಬ ಶಾಲೆಯ ಗ್ರಂಥಪಾಲಕನಿಗೂ ಆದರ್ಶವಾಗತಕ್ಕದ್ದು.

ಇನ್ನು, ಬರೆಯುವುದಾದರೆ ಏನನ್ನು ಬರೆಯಬೇಕು? ಪುಸ್ತಕವು ಚೆನ್ನಾಗಿದೆ, ಎಲ್ಲರೂ ಓದಿರಿ ಎಂದು ಬರೆದರೆ ಅದು ಬರಹವಲ್ಲ, ಮುದ್ರೆಯೊತ್ತಿದಂತೆ. ನಾಲ್ಕು ಅಂಶಗಳನ್ನು ನೋಡಬೇಕು.

ಮೊದಲನೆಯದು ಸತ್ಯ. ರೇಷ್ಮೆಹುಳುವಿನ ವಿಷಯವಾಗಿ ಒಂದು ಪುಸ್ತಕವು ಬಂದಿತೆನ್ನೋಣ. ದೂರದ ಪಟ್ಟಣದ ಮಗುವು ಅದನ್ನು ನಂಬಿ ಓದುವುದು. ಆದರೆ ಕನಕಪುರದ ಕಡೆಯ ಹಳ್ಳಿಯ ಮಗುವು ಹಿಪ್ಪುನೇರಳೆಯ ಸೊಪ್ಪನ್ನು ತಾನೇ ಬಿಡಿಸಿ ತಂದಿರುವುದು. ಹುಳುವು ಗೂಡು ಕಟ್ಟುವ ಮುನ್ನ ನಾಲ್ಕು ಸಲ ಪೊರೆ ಬಿಡುವುದನ್ನು ಕಂಡಿರುವುದು. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಡುವ ದಿನ ಮನೆಮಂದಿಗೆಲ್ಲ ನಿದ್ರೆಯಿಲ್ಲದುದನ್ನು ಬಲ್ಲುದು. ಪುಸ್ತಕದಲ್ಲಿ ತಪ್ಪಿದ್ದರೆ ಆ ಮಗುವೇ ತೋರಿಸುವುದು. ಗ್ರಂಥಪಾಲಕನು ಅದನ್ನು ಬರೆದುಕೊಳ್ಳಬೇಕು. ತನ್ನ ಮನೆಯ ಕೆಲಸವು ಪುಸ್ತಕವನ್ನು ತಿದ್ದಬಲ್ಲ ವಿದ್ಯೆಯೆಂದು ಒಮ್ಮೆ ಅರಿತ ಮಗುವು ಪುಸ್ತಕಕ್ಕೆ ಹೆದರುವುದನ್ನು ಬಿಡುವುದು.

ಎರಡನೆಯದು ನ್ಯಾಯ. ಹಲವು ಕಥೆಗಳಲ್ಲಿ ರಣಹದ್ದು ದುಷ್ಟಪಕ್ಷಿ. ರಾಮನಗರದ ರಾಮದೇವರ ಬೆಟ್ಟವಾದರೋ ಉದ್ದಕೊಕ್ಕಿನ ರಣಹದ್ದುಗಳ ನೆಲೆಯೆಂದು ೨೦೧೨ರಲ್ಲಿ ರಕ್ಷಿತಧಾಮವಾಗಿ ಘೋಷಿತವಾಯಿತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದ ಮೂಲಕ ಹದ್ದಿನ ದೇಹವನ್ನು ಸೇರಿ ಅದರ ಮೂತ್ರಪಿಂಡವನ್ನು ಕೆಡಿಸುವುದೆಂದು ತಿಳಿದ ಮೇಲೆ, ೨೦೦೬ರಲ್ಲಿ ಪಶುಗಳ ಚಿಕಿತ್ಸೆಗೆ ಅದನ್ನು ನಿಷೇಧಿಸಿದರು. ಕೊಳೆತುದನ್ನು ತಿಂದು ಊರನ್ನು ಶುಚಿಯಾಗಿಡುವ ಹಕ್ಕಿಯನ್ನು ದುಷ್ಟನೆನ್ನುವ ಕಥೆಯನ್ನು ಸುಟ್ಟುಹಾಕಬೇಕಾಗಿಲ್ಲ. ಅದರ ಪಕ್ಕದಲ್ಲಿ ಈ ಮಾತನ್ನು ಬರೆದಿಟ್ಟರೆ ಸಾಕು. ಹಕ್ಕಿಗೆ ಸಲ್ಲುವ ನ್ಯಾಯವು ಮನುಷ್ಯರಿಗೆ ಇನ್ನೂ ಹೆಚ್ಚಾಗಿ ಸಲ್ಲಬೇಕು. ಯಾವುದೋ ಕಸುಬಿನವರನ್ನು, ಕಪ್ಪುಬಣ್ಣದವರನ್ನು, ಅಂಗಹೀನರನ್ನು ನಗೆಗೀಡುಮಾಡುವ ಕಥೆಯು ತರಗತಿಯಲ್ಲಿ ಕುಳಿತ ಒಂದು ಮಗುವಿಗೆ ಮುಳ್ಳಾಗುವುದು. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಹೇಳಿದ ಶರಣರ ನಾಡಿನಲ್ಲಿ ಅಂತಹ ಪುಸ್ತಕದ ದೋಷವನ್ನು ಬರೆಯದೆ ಬಿಡುವುದು ದಾಕ್ಷಿಣ್ಯವಲ್ಲ, ಅಪರಾಧ.

ಮೂರನೆಯದು ಭಾಷೆ. ಮಗುವಿನ ಮನೆಯ ಮಾತಿಗೂ ಪುಸ್ತಕದ ಮಾತಿಗೂ ಅಂತರವುಂಟು. ಆ ಅಂತರವು ಏರಬಹುದಾದ ಮೆಟ್ಟಿಲಾಗಿರಬೇಕು, ಗೋಡೆಯಾಗಬಾರದು. ರಾಮನಗರದ ಸಮೀಪದಲ್ಲಿ ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ಸ್ಥಾಪಿಸಿದ ಜಾನಪದ ಲೋಕವು ಹಳ್ಳಿಯ ಮಾತಿನ ಸಂಪತ್ತೆಷ್ಟೆಂಬುದಕ್ಕೆ ಸಾಕ್ಷಿಯಾಗಿದೆ. ಅಜ್ಜಿಯು ಹೇಳಿದ ಕಥೆಯನ್ನು ಮಗುವಿನಿಂದ ಹೇಳಿಸಿ ಬರೆದುಕೊಂಡರೆ ಅದೂ ಶಾಲೆಯ ಒಂದು ಪುಸ್ತಕವೇ ಆಗುವುದು.

ನಾಲ್ಕನೆಯದು ಆನಂದ. ಚನ್ನಪಟ್ಟಣದ ಬೊಂಬೆಯನ್ನು ಕಡೆಯುವ ಕುಶಲಕರ್ಮಿಯು ಹಗುರವಾದ ಹಾಲೆಮರವನ್ನು ಆರಿಸಿ, ಮೂಲೆಯನ್ನು ನಯಮಾಡಿ, ಅರಗಿನ ಬಣ್ಣವನ್ನು ಹಾಕುವನು. ಮಗುವು ಅದನ್ನು ಬಾಯಿಗೆ ಹಾಕಿಕೊಳ್ಳುವುದೆಂದು ಅವನು ಬಲ್ಲನು. ಆದರೆ ಮಗುವು ಅದನ್ನು ಕೈಗೆತ್ತಿಕೊಳ್ಳುವುದು ಅದು ಉರುಳುವುದರಿಂದ, ಹೊಳೆಯುವುದರಿಂದ, ಅಪಾಯವಿಲ್ಲವೆಂಬ ಕಾರಣದಿಂದಲ್ಲ. ಪುಸ್ತಕವೂ ಹಾಗೆಯೇ. ನೀತಿಯಿದೆಯೆಂದ ಮಾತ್ರಕ್ಕೆ ಯಾವ ಮಗುವೂ ಪುಸ್ತಕವನ್ನು ತೆರೆಯುವುದಿಲ್ಲ.

ಇಲ್ಲಿ ಭಕ್ತರಿಗೆ ಸಂಬಂಧಪಟ್ಟ ಒಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ದಾನವಾಗಿ ಬರುವ ಪುಸ್ತಕಗಳಲ್ಲಿ ಅನೇಕವು ದೊಡ್ಡವರು ದೊಡ್ಡವರ ಸಂತೋಷಕ್ಕಾಗಿ ಆರಿಸಿದವು. ದಾನಿಯ ಹೆಸರು ಮೊದಲ ಪುಟದಲ್ಲಿ ಸ್ಪಷ್ಟವಾಗಿರುವುದು. ಒಳಗಿನ ಪುಟಗಳು ಎಷ್ಟು ವರ್ಷವಾದರೂ ಹೊಸದಾಗಿಯೇ ಇರುವುವು. ಹಸಿದವನಿಗೆ ಉಣ್ಣಲಾಗದುದನ್ನು ಬಡಿಸಿ ದಾಸೋಹವೆನ್ನಬಹುದೆ? ಗ್ರಂಥಪಾಲಕನ ಬರಹವು ಇಂತಹ ದಾನಿಗೆ ಕನ್ನಡಿಯಾಗುವುದು: ಯಾವ ಪುಸ್ತಕವು ಹತ್ತು ಕೈ ಕಂಡು ಹರಿದಿದೆ, ಯಾವುದಕ್ಕೆ ಮಕ್ಕಳು ಸಾಲುನಿಂತಿದ್ದಾರೆ, ಯಾವುದನ್ನು ಒಬ್ಬರೂ ಮುಟ್ಟಿಲ್ಲ ಎಂಬುದನ್ನು ಅವನು ಉಳ್ಳುದು ಉಳ್ಳಂತೆ ಬರೆದರೆ, ಮುಂದಿನ ದಾನವು ಸಾರ್ಥಕವಾಗುವುದು. ಇದನ್ನು ಬರೆಯುವುದಕ್ಕೆ ಅವನಿಗೆ ಧೈರ್ಯ ಬೇಕು; ಇದನ್ನು ಕೇಳುವುದಕ್ಕೆ ದಾನಿಗೆ ವಿನಯ ಬೇಕು.

ಕಥೆಯ ಪುಸ್ತಕವನ್ನು ಓದಿದರೆ ಪರೀಕ್ಷೆಗೆ ಹಾನಿಯೆಂದು ಕೆಲವರು ಆಕ್ಷೇಪಿಸುವರು. ಗುಜರಾತಿನ ಗಿಜುಭಾಯಿ ಬಧೇಕಾ ಅವರು (೧೮೮೫–೧೯೩೯) ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿ, ‘ದಿವಾಸ್ವಪ್ನ’ವೆಂಬ ಗ್ರಂಥದಲ್ಲಿ ಒಬ್ಬ ಉಪಾಧ್ಯಾಯನ ಪ್ರಯೋಗವನ್ನು ಕಥೆಯಾಗಿ ಹೇಳಿದ್ದಾರೆ. ಆ ಉಪಾಧ್ಯಾಯನು ಕಥೆ ಹೇಳುವುದರಿಂದಲೇ ಪಾಠವನ್ನು ತೊಡಗುತ್ತಾನೆ. ತರಗತಿಯಲ್ಲಿಯೇ ಚಿಕ್ಕ ಪುಸ್ತಕಭಂಡಾರವನ್ನು ಮಾಡುತ್ತಾನೆ. ಗದ್ದಲಮಾಡುತ್ತಿದ್ದ ಮಕ್ಕಳು ಕಥೆಯ ಆಸೆಗೆ ಓದುವವರಾಗುತ್ತಾರೆ. ಓದುವ ವೇಗವೂ ಅರ್ಥಗ್ರಹಣವೂ ಬೆಳೆದ ಮೇಲೆ ಪಠ್ಯವು ತಾನಾಗಿಯೇ ಹಗುರವಾಗುವುದೆಂಬುದು ಅನುಭವಸಿದ್ಧವಾದ ಮಾತು. ಪುಸ್ತಕವು ಹರಿಯುವುದೆಂಬ ಇನ್ನೊಂದು ಆಕ್ಷೇಪಕ್ಕೆ ಉತ್ತರವಿಷ್ಟೇ: ಓದಿ ಹರಿದ ಪುಸ್ತಕಕ್ಕೆ ಬದಲು ಇನ್ನೊಂದನ್ನು ಕೊಳ್ಳಬಹುದು; ಓದುವ ವಯಸ್ಸನ್ನು ಬೀಗದ ಹೊರಗೆ ಕಳೆದ ಮಗುವಿಗೆ ಆ ವಯಸ್ಸನ್ನು ಯಾರು ತಂದುಕೊಡುವರು?

ಕಾಲವು ಅನುಕೂಲವಾಗಿಲ್ಲವೆಂದೂ ಹೇಳಲಾಗದು. ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯು ಈ ರಾಜ್ಯದಲ್ಲಿ ೧೯೬೫ರಲ್ಲಿಯೇ ಆಯಿತು. ೨೦೨೦ರ ನವೆಂಬರ್ ೧೪ರಂದು ‘ಓದುವ ಬೆಳಕು’ ಎಂಬ ಕಾರ್ಯಕ್ರಮವು ಆರಂಭವಾಗಿ, ಗ್ರಾಮ ಪಂಚಾಯತಿಯ ಗ್ರಂಥಾಲಯಗಳಲ್ಲಿ ೬ರಿಂದ ೧೮ ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವವನ್ನು ಕೊಡುವ ಏರ್ಪಾಡಾಯಿತು. ಆ ಗ್ರಂಥಾಲಯಗಳೇ ಈಗ ‘ಅರಿವು ಕೇಂದ್ರ’ಗಳೆನಿಸಿವೆ. ಮಾಗಡಿ ಸೀಮೆಯ ವೀರಾಪುರದಲ್ಲಿ ೧೯೦೭ರಲ್ಲಿ ಜನಿಸಿ, ಸಿದ್ಧಗಂಗೆಯಲ್ಲಿ ಸಾವಿರಾರು ಬಡಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತು ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಜನ್ಮಭೂಮಿಯಿದು. ಅಕ್ಷರವನ್ನು ಕಲಿಸಿ, ಓದುವುದಕ್ಕೆ ಪುಸ್ತಕವನ್ನು ಕೊಡದಿದ್ದರೆ, ಎಲೆಯನ್ನು ಹಾಕಿ ಅನ್ನವನ್ನು ಬಡಿಸದೆ ಹೋದಂತಾಗುವುದು.

ಆದುದರಿಂದ ಈ ಮಹೋತ್ಸವದ ನೆನಪಿಗಾಗಿ ಭಕ್ತರು ಮಾಡಬಹುದಾದ ಕಾರ್ಯವು ಸುಲಭವಾಗಿದೆ. ತಮ್ಮ ಊರಿನ ಶಾಲೆಗೆ ಹೋಗಿ, ಬೀರುವಿನ ಬೀಗದ ಕೈ ಯಾರ ಬಳಿಯಿದೆಯೆಂದು ವಿಚಾರಿಸಲಿ. ಪುಸ್ತಕವು ಕಳೆದರೆ ಅದರ ಬೆಲೆಯನ್ನು ಊರವರು ತೆರುವರೆಂದು ಆ ಉಪಾಧ್ಯಾಯರಿಗೆ ಅಭಯವನ್ನು ಕೊಡಲಿ. ಪುಸ್ತಕದ ದಾನವನ್ನು ಮಾಡುವ ಮುನ್ನ ಮಕ್ಕಳು ಯಾವುದನ್ನು ಕೇಳುತ್ತಿರುವರೆಂಬ ಪಟ್ಟಿಯನ್ನು ಅವರಿಂದ ಬರೆಯಿಸಿಕೊಳ್ಳಲಿ. ಓದು ಬಾರದ ತಂದೆತಾಯಿಗಳು ಸಂಜೆ ಮಗುವಿನಿಂದ ಒಂದು ಕಥೆಯನ್ನು ಓದಿಸಿ ಕೇಳಲಿ. ಉಪಾಧ್ಯಾಯರು ವಾರಕ್ಕೊಂದು ಪುಸ್ತಕವನ್ನಾದರೂ ಓದಿ, ಮಕ್ಕಳ ಮಾತನ್ನೂ ತಮ್ಮ ಮಾತನ್ನೂ ಸೇರಿಸಿ ನಾಲ್ಕು ಸಾಲು ಬರೆದು ಗೋಡೆಗೆ ಅಂಟಿಸಲಿ. ಓಲೆಯ ಕಟ್ಟನ್ನು ಕಾಪಾಡಿದ ಪೂರ್ವಿಕರ ಶ್ರದ್ಧೆಯು ಈ ಕಾಲದಲ್ಲಿ ಹೀಗೆ ಮುಂದುವರಿಯಲಿ. ಸರ್ವರಿಗೂ ಶುಭವಾಗಲಿ.