ಘಾಟಿ ಜೀಪಿಗೆ ಆರು ಗೇರು, ಓಟದ ಕಾರಿಗೆ ಎರಡೇ!

ಕುಕ್ಕೆ ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತುವ ಜೀಪಿನ ಸದ್ದನ್ನು ಕಿವಿಗೊಟ್ಟು ಕೇಳಿದ್ದೀರಾ? ಕಡಿದಾದ ತಿರುವು ಬಂದ ಕೂಡಲೇ ಎಂಜಿನ್ ಏದುಸಿರು ಬಿಡುತ್ತದೆ. ಡ್ರೈವರ್ ಗೇರು ಇಳಿಸುತ್ತಾರೆ. ಗಾಡಿ ನಿಧಾನವಾಗುತ್ತದೆ, ಎಂಜಿನ್ ಮಾತ್ರ ಇನ್ನೂ ಜೋರಾಗಿ ಕೂಗುತ್ತದೆ. ಆದರೂ ಏರು ಸಲೀಸು! ನಿಧಾನವಾದ ಗಾಡಿಗೆ ಬಲ ಎಲ್ಲಿಂದ ಬಂತು?

ಗೇರಿನ ಹಲ್ಲು ಎಣಿಸಿದರೆ ಗೊತ್ತಾಗುತ್ತದೆ. 20 ಹಲ್ಲಿನ ಚಕ್ರವೊಂದು 60 ಹಲ್ಲಿನ ಚಕ್ರವನ್ನು ತಿರುಗಿಸುತ್ತಿದೆ ಎನ್ನೋಣ. ಚಿಕ್ಕದು ಮೂರು ಸುತ್ತು ಹಾಕುವಷ್ಟರಲ್ಲಿ ದೊಡ್ಡದಕ್ಕೆ ಒಂದೇ ಸುತ್ತು. ಆದರೆ ಆ ಒಂದು ಸುತ್ತಿನಲ್ಲಿ ತಿರುಗಿಸುವ ಬಲ ಹೆಚ್ಚುಕಡಿಮೆ ಮೂರು ಪಟ್ಟು. ಗೇರುಪೆಟ್ಟಿಗೆ ಹೊಸ ಶಕ್ತಿಯನ್ನೇನೂ ಹುಟ್ಟಿಸುವುದಿಲ್ಲ. ವೇಗ ಕೊಟ್ಟು ಬಲ ಕೊಳ್ಳುತ್ತದೆ, ಅಷ್ಟೇ. ಹಳೆಯ ವಿಲ್ಲೀಸ್ ಜೀಪಿಗೆ ಮುಂದಕ್ಕೆ ಇದ್ದದ್ದು ಮೂರೇ ಗೇರು. ಕೆಸರು, ಕಲ್ಲುದಾರಿಗೆಂದು ಜೊತೆಗೊಂದು ‘ಲೋ’ ಸನ್ನೆಕೋಲು. ಅದನ್ನು ಎಳೆದರೆ ಬಲ ಇನ್ನೂ ಸುಮಾರು ಎರಡು ಪಟ್ಟು.

ಈಗಿನ ಕೆಲವು ಗಾಡಿಗಳಲ್ಲಿ ಕಾಲಿನಿಂದ ಒತ್ತುವ ಕ್ಲಚ್ಚೇ ಇಲ್ಲ. 2020ರಲ್ಲಿ ಬಂದ ಮಹೀಂದ್ರ ಥಾರ್‌ನ ಆಟೋಮ್ಯಾಟಿಕ್ ಮಾದರಿ ತನ್ನ ಆರು ಗೇರುಗಳನ್ನು ತಾನೇ ಬದಲಿಸಿಕೊಳ್ಳುತ್ತದೆ. ಕ್ಲಚ್ಚಿನ ಜಾಗದಲ್ಲಿರುವುದು ಎಣ್ಣೆ ತುಂಬಿದ ಡಬ್ಬಿ, ಹೆಸರು ಟಾರ್ಕ್ ಕನ್ವರ್ಟರ್. ಎರಡು ಟೇಬಲ್ ಫ್ಯಾನ್ ಎದುರುಬದುರಾಗಿಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿದರೆ, ಅದರ ಗಾಳಿಗೆ ಇನ್ನೊಂದೂ ಮೆಲ್ಲಗೆ ತಿರುಗುತ್ತದಲ್ಲ? ಇಲ್ಲಿ ಗಾಳಿಯ ಬದಲು ಎಣ್ಣೆ. ಒಂದು ರೆಕ್ಕೆಚಕ್ರ ಎಂಜಿನ್ನಿಗೆ ಸೇರಿದ್ದು, ಇನ್ನೊಂದು ಗೇರುಪೆಟ್ಟಿಗೆಗೆ. ನಡುವಿನ ಮೂರನೆಯ ಚಕ್ರ, ಹಿಂದಿರುಗುವ ಎಣ್ಣೆಯ ದಿಕ್ಕು ತಿರುಗಿಸಿ ಮತ್ತೆ ನೂಕಲು ಹಚ್ಚುತ್ತದೆ. ಹಾಗಾಗಿ ಗಾಡಿ ಹೊರಡುವ ಗಳಿಗೆಯಲ್ಲಿ ಬಲ ಸುಮಾರು ಎರಡು ಪಟ್ಟಾಗುತ್ತದೆ. ಜರ್ಮನಿಯ ಹೆರ್ಮನ್ ಫೋಟಿಂಗರ್ 1905ರಲ್ಲಿ ಇದನ್ನು ಯೋಚಿಸಿದ್ದು ಕಾರಿಗಲ್ಲ, ಹಡಗಿಗೆ!

ಡಬ್ಬಿಯ ಹಿಂದೆ ಗೇರುಗಳ ಸಂಸಾರ. ನಡುವೆ ಸೂರ್ಯ ಗೇರು, ಸುತ್ತ ಗ್ರಹ ಗೇರುಗಳು, ಅವನ್ನೆಲ್ಲ ಬಳಸಿದ ಒಳಹಲ್ಲಿನ ಬಳೆ. ಇವುಗಳಲ್ಲಿ ಯಾವುದನ್ನು ಬಿಗಿಯಾಗಿ ಹಿಡಿದು ನಿಲ್ಲಿಸುತ್ತೇವೆ ಎಂಬುದರ ಮೇಲೆ ಗೇರು ಬದಲಾಗುತ್ತದೆ. ಹಿಡಿಯುವ ಕೆಲಸ ಎಣ್ಣೆಯ ಒತ್ತಡದ್ದು.

ಇನ್ನು ಡ್ರ್ಯಾಗ್ ರೇಸಿಗೆ ಬರೋಣ. ಅಲ್ಲಿ ತಿರುವಿಲ್ಲ, ಏರಿಲ್ಲ. ನಿಂತಲ್ಲಿಂದ ಹೊರಟು ಸುಮಾರು 402 ಮೀಟರ್ ನೇರ ಓಡಿದರೆ ಮುಗಿಯಿತು. ಇಂಥ ಕಾರು ಕಟ್ಟುವವರಲ್ಲಿ ಬಹಳ ಮಂದಿ ಇವತ್ತಿಗೂ ಆರಿಸಿಕೊಳ್ಳುವುದು ಪವರ್‌ಗ್ಲೈಡ್ ಎಂಬ ಅಜ್ಜನ ಕಾಲದ ಆಟೋಮ್ಯಾಟಿಕ್ ಪೆಟ್ಟಿಗೆಯನ್ನು. ಷೆವರ್ಲೆ ಕಂಪನಿ 1950ರಲ್ಲಿ ಮನೆಮಂದಿಯ ಕಾರಿಗೆಂದು ತಂದದ್ದು ಅದು. ಮುಂದಕ್ಕೆ ಎರಡೇ ಗೇರು! ನನಗಂತೂ ಈ ಆಯ್ಕೆ ಬಲು ಜಾಣತನದ್ದು ಅನಿಸುತ್ತದೆ. ಎರಡು ಗೇರಾದರೆ ಓಟದ ನಡುವೆ ಬದಲಾವಣೆ ಒಂದೇ ಸಲ. ಒಳಗೆ ತಿರುಗುವ ಭಾಗಗಳು ಕಡಿಮೆ, ಹಾಗಾಗಿ ಹಗುರ. ಅವನ್ನು ತಿರುಗಿಸಲು ವ್ಯರ್ಥವಾಗುವ ಶಕ್ತಿಯೂ ಕಡಿಮೆ. ಮೊದಲ ಗೇರಿನಲ್ಲಿ ಬಲ ಹೆಚ್ಚುವುದು 1.76 ಪಟ್ಟು ಮಾತ್ರ. ಸಾಕಾ? ಸಾಕು. ದೈತ್ಯ ಎಂಜಿನ್ನಿಗೆ ಇನ್ನೂ ಬಲ ಸೇರಿಸಿದರೆ ಟೈರು ನಿಂತಲ್ಲೇ ಗರಗರ ತಿರುಗಿ ಹೊಗೆಯೆಬ್ಬಿಸುತ್ತದೆ, ಕಾರು ಮುಂದೆ ಹೋಗುವುದಿಲ್ಲ.

ಹಾಗಂತ ಹಳೆಯ ಪೆಟ್ಟಿಗೆಯನ್ನು ಹಾಗೇ ಕೂರಿಸುವುದಿಲ್ಲ. ಒಳಗಿನ ಹಿಡಿತದ ಬಿಲ್ಲೆಗಳನ್ನು ಹೆಚ್ಚಿಸುತ್ತಾರೆ, ದಂಡಗಳಿಗೆ ಗಟ್ಟಿ ಉಕ್ಕು ಹಾಕುತ್ತಾರೆ. ಎಣ್ಣೆಡಬ್ಬಿ ಚಿಕ್ಕದಾಗುತ್ತದೆ. ಚಿಕ್ಕ ಡಬ್ಬಿಯಲ್ಲಿ ಎಣ್ಣೆಯ ಹಿಡಿತ ತಡವಾಗಿ ಬಿಗಿಯುವುದರಿಂದ ಎಂಜಿನ್ ಮೊದಲು ಚೆನ್ನಾಗಿ ವೇಗ ಹಿಡಿಯುತ್ತದೆ. ಮುಂದಕ್ಕೆ ಓಡಿಸುವ ಗೇರನ್ನೂ ರಿವರ್ಸನ್ನೂ ಒಟ್ಟಿಗೇ ಹಿಡಿಸಿ ಕಾರನ್ನು ಅಲುಗಾಡದಂತೆ ನಿಲ್ಲಿಸುವ ಗುಂಡಿಯೂ ಇರುತ್ತದೆ. ಹಸಿರು ದೀಪ ಬಿತ್ತೋ, ಗುಂಡಿ ಬಿಟ್ಟರೆ ಕಾರು ಚಿಮ್ಮುತ್ತದೆ. ಎಣ್ಣೆ ಹೀಗೆ ಕದಡಿ ಕದಡಿ ಕಾಯುವುದರಿಂದ ಅದನ್ನು ತಣಿಸಲು ಬೇರೆ ರೇಡಿಯೇಟರ್ ಬೇಕು.

ಮತ್ತೆ ಘಾಟಿಗೆ ಬರೋಣ. ಬಿಸಿಲೆಯಲ್ಲಿ ಕಷ್ಟ ಇರುವುದು ಇಳಿಯುವಾಗಲೂ. ಕುಕ್ಕೆಯ ಕಡೆಗಿನ ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತುತ್ತಾ ಹೋದರೆ ಅದು ಕಾದು ಹಿಡಿತ ಬಿಡುತ್ತದೆ. ಅದಕ್ಕೇ ಅನುಭವಸ್ಥರು ಕೆಳಗಿನ ಗೇರಿಗೆ ಹಾಕುತ್ತಾರೆ. ಆಗ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗಿ ಬಂದು ಗಾಡಿಯ ಓಟ ತಗ್ಗುತ್ತದೆ. ಡ್ರ್ಯಾಗ್ ಕಾರಿಗೆ ಈ ಪಾಡಿಲ್ಲ. ಅತಿವೇಗದವು ಗೆರೆ ದಾಟಿದ ಮೇಲೆ ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿ ನಿಲ್ಲುತ್ತವೆ. ಬಿಸಿಲೆಯ ತಿರುವಿನಲ್ಲಿ ಬಿಚ್ಚಿದರೆ ಅದು ಮರದ ಕೊಂಬೆಗೆ ಸಿಕ್ಕಿಕೊಳ್ಳುವುದೇ ಸೈ!