ಪಾಠವಾಗದ ಪ್ರಮಾಣಪತ್ರ

ಕುಡತಿನಿಯಲ್ಲಿ ಬಿ.ಎಡ್. ಪ್ರಶಿಕ್ಷಣಾರ್ಥಿಗಳು ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ



ಈ ಊರಿನ ಬದಿಯಲ್ಲಿರುವ ಬಳ್ಳಾರಿ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಮೂರು ಘಟಕಗಳ ಒಟ್ಟು ಸಾಮರ್ಥ್ಯ 1,700 ಮೆಗಾವಾಟ್. ನಾಡಿನ ಎಷ್ಟೋ ಶಾಲೆಗಳ ಕಂಪ್ಯೂಟರ್‌ಗಳಿಗೆ ಬೇಕಾದ ವಿದ್ಯುತ್ತಿನಲ್ಲಿ ಕುಡತಿನಿಯ ಪಾಲೂ ಇದೆ. ಆದರೆ ವಿದ್ಯುತ್ತು ಹರಿದ ಮಾತ್ರಕ್ಕೆ, ಯಂತ್ರ ಬಂದಿಳಿದ ಮಾತ್ರಕ್ಕೆ ಪಾಠ ನಡೆಯುವುದಿಲ್ಲ. ಎರಡು ದಶಕಗಳಿಗೂ ಮಿಕ್ಕಿದ ಕರ್ನಾಟಕದ ಅನುಭವವೇ ಇದಕ್ಕೆ ಸಾಕ್ಷಿ. ಆದ್ದರಿಂದ ಇಂದು ನಿಮ್ಮ ಮುಂದೆ ಒಂದೇ ಒಂದು ಪ್ರಶ್ನೆಯನ್ನಿಡುತ್ತೇನೆ. ಬಿ.ಎಡ್. ಮುಗಿಸಿ ಹೊರಬರುವ ಪದವೀಧರನು ಡಿಜಿಟಲ್ ಸಾಧನವನ್ನು ಬಳಸಿ ಒಂದು ಪಾಠವನ್ನು ಸಮರ್ಥವಾಗಿ ಮಾಡಬಲ್ಲನೇ? ಮಾಡಬಲ್ಲನೆಂದು ಆತನ ಅಂಕಪಟ್ಟಿ ಹೇಳುತ್ತದೆ. ಆ ಅಂಕಪಟ್ಟಿಯನ್ನು ನಂಬಬಹುದೇ?

ಮೊದಲು ನಿಯಮ ಏನನ್ನುತ್ತದೆಂದು ನೋಡೋಣ. ನ್ಯಾಯಮೂರ್ತಿ ವರ್ಮಾ ಆಯೋಗದ 2012ರ ವರದಿಯ ಬಳಿಕ ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು 2014ರಲ್ಲಿ ಹೊಸ ನಿಯಮಾವಳಿಯನ್ನು ಹೊರಡಿಸಿತು. 2015ರಿಂದ ಬಿ.ಎಡ್. ಎರಡು ವರ್ಷಗಳ ಕೋರ್ಸ್ ಆಯಿತು. ವೃತ್ತಿ ಸಾಮರ್ಥ್ಯವನ್ನು ಹೆಚ್ಚಿಸುವ ವಿಷಯಗಳ ಸಾಲಿನಲ್ಲಿ ಮಾಹಿತಿ ಮತ್ತು ಸಂವಹನ ತಂತ್ರಜ್ಞಾನದ ವಿಮರ್ಶಾತ್ಮಕ ತಿಳಿವಳಿಕೆಗೂ ಒಂದು ಸ್ಥಾನ ದೊರೆಯಿತು. ಶಾಲೆಯೊಡನೆ ನೇರ ಸಂಪರ್ಕಕ್ಕೆ 20 ವಾರಗಳನ್ನು ನಿಗದಿಪಡಿಸಲಾಯಿತು: ಮೊದಲ ವರ್ಷ 4 ವಾರ, ಎರಡನೆಯ ವರ್ಷ 16 ವಾರ. ಕಾಗದದ ಮೇಲೆ ಇದು ಸ್ವಾಗತಾರ್ಹ ಏರ್ಪಾಡು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಂತ್ರಜ್ಞಾನ ಒಂದು ಕಡೆ, ಬೋಧನಾ ಅಭ್ಯಾಸ ಇನ್ನೊಂದು ಕಡೆ ಉಳಿದುಬಿಟ್ಟರೆ ಇವೆರಡೂ ಪರಸ್ಪರ ಮುಖ ನೋಡುವುದೇ ಇಲ್ಲ. ಕಂಪ್ಯೂಟರಿನ ಭಾಗಗಳನ್ನು ಬಾಯಿಪಾಠ ಮಾಡಿ, ನಾಲ್ಕು ಸ್ಲೈಡ್‌ಗಳನ್ನು ಸಿದ್ಧಪಡಿಸಿ, ದಾಖಲೆ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡರೆ ಅಂಕ ಬರುತ್ತದೆ. ತರಗತಿಯ ಮಗುವಿಗೆ ಅದರಿಂದ ಏನು ಬರುತ್ತದೆ?

ಯಂತ್ರವನ್ನೂ ಪಾಠವನ್ನೂ ಹೀಗೆ ಬೇರ್ಪಡಿಸುವ ರೋಗ ನಮ್ಮ ಶಾಲೆಗಳಿಗೆ ಹೊಸದಲ್ಲ. 2001ರಲ್ಲಿ ಕರ್ನಾಟಕ ಸರಕಾರವು ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಸರಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ತಂದಿತು. 2004ರಲ್ಲಿ ಕೇಂದ್ರ ಸರಕಾರವೂ ತನ್ನ ಯೋಜನೆಯನ್ನು ಆರಂಭಿಸಿತು. ನಂತರದ ಹಂತಗಳಲ್ಲಿ ಪ್ರಯೋಗಾಲಯವನ್ನು ಕಟ್ಟುವ, ನಡೆಸುವ, ಅವಧಿ ಮುಗಿದ ಮೇಲೆ ಹಸ್ತಾಂತರಿಸುವ ಹೊಣೆಯನ್ನು ಖಾಸಗಿ ಕಂಪೆನಿಗಳಿಗೆ ಗುತ್ತಿಗೆ ನೀಡಲಾಯಿತು. ಬೋಧಕನೂ ಕಂಪೆನಿಯವನೇ. ಗಣಿತದ ಶಿಕ್ಷಕ, ಸಮಾಜ ವಿಜ್ಞಾನದ ಶಿಕ್ಷಕಿ ತಮ್ಮದೇ ಶಾಲೆಯ ಕಂಪ್ಯೂಟರ್ ಕೊಠಡಿಗೆ ಅತಿಥಿಗಳಾದರು. ಗುತ್ತಿಗೆ ಮುಗಿದಾಗ ಯಂತ್ರವನ್ನು ಬಲ್ಲ ವ್ಯಕ್ತಿ ಹೊರಟುಹೋದ. ಉಳಿದವರಿಗೆ ಅದು ಪರಕೀಯ ವಸ್ತು.

ಅದೇ 2001ರಲ್ಲಿ ನೆರೆಯ ಕೇರಳವು ಆರಂಭಿಸಿದ ‘ಐಟಿ@ಸ್ಕೂಲ್’ ಯೋಜನೆ ಬೇರೆ ದಾರಿಯನ್ನು ಹಿಡಿಯಿತು. ಶಾಲಾ ಶಿಕ್ಷಕರನ್ನೇ ತರಬೇತುದಾರರನ್ನಾಗಿ ರೂಪಿಸಿ, ಮುಕ್ತ ತಂತ್ರಾಂಶವನ್ನು ಅವರ ಕೈಗಿತ್ತು, ಪ್ರತಿಯೊಂದು ವಿಷಯದ ಪಾಠಕ್ಕೂ ಅದನ್ನು ಜೋಡಿಸಿತು. ಕರ್ನಾಟಕವೂ ತಡವಾಗಿಯಾದರೂ ಈ ಸತ್ಯವನ್ನು ಕಂಡುಕೊಂಡಿತು. ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲಾ ಶಿಕ್ಷಕರು ಪರಸ್ಪರ ಕಲಿಯತೊಡಗಿದರು. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಭಂಡಾರಕ್ಕೆ ಕನ್ನಡದಲ್ಲೇ ಪಾಠಗಳನ್ನು ಸೇರಿಸಿದರು. ತರುವಾಯ ಬಂದ ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮವೂ ಸೇವೆಯಲ್ಲಿರುವ ಶಿಕ್ಷಕರನ್ನೇ ತರಬೇತಿಗೆ ಕರೆಯಿತು. ಹಾಗಾದರೆ ಪ್ರಶ್ನೆ ಇಷ್ಟೇ: ಸೇವೆಗೆ ಸೇರಿದ ಮೇಲೆ ಕೊಡುವುದನ್ನು ಸೇವೆಗೆ ಸೇರುವ ಮುನ್ನವೇ, ಎರಡು ವರ್ಷ ಕಾಲೇಜಿನಲ್ಲಿ ಕೂರಿಸಿಕೊಂಡಾಗಲೇ ಏಕೆ ಕೊಡಬಾರದು?

ಸಮರ್ಥ ಬಳಕೆಯೆಂದರೆ ಏನೆಂಬುದಕ್ಕೆ ಎರಡು ಉದಾಹರಣೆಗಳನ್ನು ಕೊಡುತ್ತೇನೆ. ತ್ರಿಕೋನದ ಮೂರು ಒಳಕೋನಗಳ ಮೊತ್ತ 180 ಡಿಗ್ರಿ ಎಂದು ಹಲಗೆಯ ಮೇಲೆ ಬರೆದರೆ ಮಗು ಒಂದು ತ್ರಿಕೋನವನ್ನು ಕಾಣುತ್ತದೆ. ಉಚಿತವಾಗಿ ಸಿಗುವ ಜಿಯೋಜೀಬ್ರಾ ತಂತ್ರಾಂಶದಲ್ಲಿ ಒಂದು ಶೃಂಗವನ್ನು ಹಿಡಿದು ಎಳೆದರೆ ಆಕೃತಿ ನೂರು ಬಗೆಯಲ್ಲಿ ಬದಲಾಗುತ್ತದೆ. ಮೊತ್ತ ಮಾತ್ರ ಬದಲಾಗುವುದಿಲ್ಲ. ಮಗು ತಾನಾಗಿಯೇ ‘ಏಕೆ?’ ಎಂದು ಕೇಳುತ್ತದೆ. ಶಿಕ್ಷಕನ ನಿಜವಾದ ಕೆಲಸ ಆರಂಭವಾಗುವುದು ಅಲ್ಲಿಂದಲೇ. ಏಕೆಂದರೆ ನೂರು ಆಕೃತಿಗಳನ್ನು ನೋಡಿದ್ದು ಸಾಧನೆಯಾಗುವುದಿಲ್ಲ. ಸಮಾಂತರ ರೇಖೆಯೆಳೆದು ಸಾಧಿಸಿ ತೋರಿಸಲೇಬೇಕು. ಪರದೆಯನ್ನು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಿ ಸೀಮೆಸುಣ್ಣವನ್ನು ಕೈಗೆತ್ತಿಕೊಳ್ಳಬೇಕು ಎಂಬ ವಿವೇಚನೆಯೇ ತರಬೇತಿಯ ತಿರುಳು.

ಇನ್ನೊಂದು ಉದಾಹರಣೆ ನಿಮ್ಮ ಊರಿನದೇ. ಕುಡತಿನಿಯ ಬೂದಿದಿಬ್ಬವು ವಿದ್ವಾಂಸರಿಗೆ ಚಿರಪರಿಚಿತ. ಈ ಸೀಮೆಯ ಇಂತಹ ದಿಬ್ಬಗಳು ರಾಕ್ಷಸರ ಚಿತೆಯ ಬೂದಿಯೆಂಬ ಕಥೆಗಳಿವೆ. ಆದರೆ ಅವು 4,000 ವರ್ಷಗಳಿಗೂ ಹಿಂದಿನ ನವಶಿಲಾಯುಗದ ಪಶುಪಾಲಕರು ರಾಶಿ ಹಾಕಿ ಸುಟ್ಟ ಸೆಗಣಿಯ ಬೂದಿಯೆಂದು ಪುರಾತತ್ವಜ್ಞರು ತೋರಿಸಿಕೊಟ್ಟರು; ರಾಬರ್ಟ್ ಬ್ರೂಸ್ ಫೂಟ್ ಈ ದಿಬ್ಬಗಳನ್ನು ಅಧ್ಯಯನ ಮಾಡಿದವರಲ್ಲಿ ಮೊದಲಿಗರಲ್ಲೊಬ್ಬರು, ಆಲ್ಚಿನ್ 1963ರಲ್ಲಿ ಇದರ ಕುರಿತು ಗ್ರಂಥವನ್ನೇ ಪ್ರಕಟಿಸಿದರು. ಪ್ರಶಿಕ್ಷಣಾರ್ಥಿಯೊಬ್ಬರು ತಮ್ಮ ಮೊಬೈಲಿನಲ್ಲಿ ದಿಬ್ಬದ ಹತ್ತು ಚಿತ್ರಗಳನ್ನು ತೆಗೆದು, ಸಂಗನಕಲ್ಲು, ತೆಕ್ಕಲಕೋಟೆಗಳ ನೆಲೆಗಳನ್ನು ಭೂಪಟದಲ್ಲಿ ಗುರುತಿಸಿ, ಊರಿನ ಹಿರಿಯರ ಕಥೆಯನ್ನು ಧ್ವನಿಮುದ್ರಿಸಿ, ಪುರಾವೆ ಮತ್ತು ಐತಿಹ್ಯಗಳ ನಡುವಿನ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸಬಹುದು. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಕಿಲ್ಲ. ಪಾಠವನ್ನು ಯೋಜಿಸುವ ತಲೆ ಬೇಕು.

ಸಾಧನವೇ ಇಲ್ಲದ ಮಗುವಿನ ಬಗ್ಗೆಯೂ ಯೋಚಿಸಲೇಬೇಕು. ಕೊರೋನ ಕಾಲದಲ್ಲಿ, 2020ರ ಆಗಸ್ಟ್‌ನಲ್ಲಿ ಆರಂಭವಾದ ‘ವಿದ್ಯಾಗಮ’ವು ಮಕ್ಕಳನ್ನು ಮೂರು ಗುಂಪುಗಳಾಗಿ ನೋಡಿತು: ಏನೂ ಇಲ್ಲದವರು, ಸಾದಾ ಫೋನ್ ಉಳ್ಳವರು, ಇಂಟರ್ನೆಟ್ ಸಹಿತ ಸಾಧನವುಳ್ಳವರು. ಸೋಂಕಿನ ಭೀತಿಯಿಂದ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆದರೂ ಅದರ ಮೂಲ ವಿಚಾರ ಅಮೂಲ್ಯ: ಮೊದಲು ಮಗುವಿನ ಕೈಯಲ್ಲಿ ಏನಿದೆಯೆಂದು ನೋಡು, ಆಮೇಲೆ ಪಾಠವನ್ನು ಯೋಜಿಸು. ಗ್ರಾಮೀಣ ಭಾರತದ ಕುರಿತ 2021ರ ಅಸರ್ ವರದಿಯ ಪ್ರಕಾರ ಶಾಲೆಗೆ ದಾಖಲಾದ ಮಕ್ಕಳಲ್ಲಿ ಶೇ. 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅವರಲ್ಲಿ ಶೇ. 26.1ರಷ್ಟು ಮಕ್ಕಳಿಗೆ ಅದು ಬಳಸಲು ಸಿಗುತ್ತಿರಲಿಲ್ಲ. ಮನೆಯಲ್ಲಿರುವ ಫೋನ್ ಮಗುವಿನ ಫೋನ್ ಅಲ್ಲ. ಅಪ್ಪ ದುಡಿಮೆಗೆ ಹೊರಟಾಗ ಅದೂ ಹೊರಡುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಪಾಠ ಕಳುಹಿಸಿ ಕರ್ತವ್ಯ ಮುಗಿಯಿತೆನ್ನುವ ಶಿಕ್ಷಕನಿಗೆ ಈ ಅಂಕಿಅಂಶವನ್ನು ಬಿ.ಎಡ್. ತರಗತಿಯಲ್ಲೇ ಕಲಿಸಬೇಕಿತ್ತು.

ಭಾಷೆಯ ವಿಚಾರವೂ ಅಷ್ಟೇ ಮುಖ್ಯ. ಹಳೆಯ ನುಡಿ ಅಕ್ಷರಗಳಲ್ಲಿ ಟೈಪಿಸಿದ ಕನ್ನಡ ಪಾಠ ಆ ಅಕ್ಷರಗಳಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಹಳೆಯ ಇನ್‌ಪೇಜ್‌ನ ಉರ್ದು ಕಡತಗಳ ಗತಿಯೂ ಅದೇ. ಯೂನಿಕೋಡ್‌ನಲ್ಲಿ ಬರೆದದ್ದು ಎಲ್ಲೆಡೆ ಓದಲು, ಹುಡುಕಲು, ತಿದ್ದಲು ಸಿಗುತ್ತದೆ. ಕನ್ನಡ ಮಾಧ್ಯಮದಲ್ಲಾಗಲಿ ಉರ್ದು ಮಾಧ್ಯಮದಲ್ಲಾಗಲಿ ಕಲಿಸಲಿರುವವರಿಗೆ ಇದು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದಾದ ವಿದ್ಯೆ. ಇಂದಂತೂ ಕೃತಕ ಬುದ್ಧಿಮತ್ತೆಯು ಕೇಳಿದೊಡನೆ ಪಾಠಯೋಜನೆಯನ್ನೇ ಬರೆದುಕೊಡುತ್ತದೆ. ಅದರಲ್ಲಿನ ತಪ್ಪನ್ನು ಹಿಡಿಯುವ ವಿಷಯಜ್ಞಾನ ಶಿಕ್ಷಕನಲ್ಲಿ ಇಲ್ಲದಿದ್ದರೆ ಆ ತಪ್ಪು ನೇರವಾಗಿ ಮಗುವಿನ ನೋಟ್ ಪುಸ್ತಕವನ್ನು ಸೇರುತ್ತದೆ.

ಮಿತ್ರರೇ, ನಾನು ಕಲಿತ ಮದ್ರಸ ಪರಂಪರೆಯಲ್ಲಿ ‘ಇಜಾಝತ್’ ಎಂಬ ಪದ್ಧತಿಯಿದೆ. ವಿದ್ಯಾರ್ಥಿಯು ಗುರುವಿನೆದುರು ಕುಳಿತು ಗ್ರಂಥವನ್ನು ಓದಿ ಒಪ್ಪಿಸಬೇಕು. ಕಿವಿಯಾರೆ ಕೇಳಿ ತೃಪ್ತನಾದ ಗುರು ಮಾತ್ರ ಅದನ್ನು ಇತರರಿಗೆ ಕಲಿಸುವ ಅನುಮತಿಯನ್ನು ಕೊಡುತ್ತಾನೆ. ನೋಡದೆ, ಕೇಳದೆ ಅನುಮತಿಯಿಲ್ಲ. ಡಿಜಿಟಲ್ ಬೋಧನೆಯ ಅಂಕಕ್ಕೂ ಈ ಅಳತೆಗೋಲು ಏಕೆ ಬೇಡ?

ನನ್ನ ಬೇಡಿಕೆಗಳು ದೊಡ್ಡವಲ್ಲ. ಎರಡನೆಯ ವರ್ಷದ ಆ 16 ವಾರಗಳಲ್ಲಿ ಪ್ರತಿ ಪ್ರಶಿಕ್ಷಣಾರ್ಥಿಯೂ ತನ್ನ ವಿಷಯದ ಕನಿಷ್ಠ ಮೂರು ಪಾಠಗಳನ್ನು ಡಿಜಿಟಲ್ ಸಾಧನದೊಂದಿಗೆ ನಿಜವಾದ ಮಕ್ಕಳ ಮುಂದೆ ಮಾಡಲಿ. ಅವುಗಳಲ್ಲಿ ಒಂದಾದರೂ ವಿದ್ಯುತ್ತು, ಇಂಟರ್ನೆಟ್ ಎರಡೂ ಇಲ್ಲದ ದಿನಕ್ಕೂ ಹೊಂದುವಂತಿರಲಿ. ಅಧ್ಯಾಪಕರು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿ ಅಂಕ ಕೊಡಲಿ. ಹಾಗೆ ನೋಡಬಲ್ಲ ಅಧ್ಯಾಪಕರಿಗೆ ಮೊದಲು ತರಬೇತಿ ದೊರೆಯಲಿ. ಬಳ್ಳಾರಿಯಲ್ಲಿ 2010ರಿಂದ ನಮ್ಮದೇ ವಿಶ್ವವಿದ್ಯಾಲಯವಿದೆ, ಇದು ಅದರ ಅಧಿಕಾರದಲ್ಲಿರುವ ಕೆಲಸ. ಖಾಸಗಿ ಕಾಲೇಜುಗಳ ಆಡಳಿತ ಮಂಡಳಿಗಳು, ಅವುಗಳಲ್ಲಿ ನಮ್ಮ ಸಮುದಾಯದವರು ನಡೆಸುವಂಥವೂ ಸೇರಿದಂತೆ, ಕಂಪ್ಯೂಟರ್ ಕೊಠಡಿಯ ಬೀಗವನ್ನು ತಪಾಸಣೆಯ ದಿನಕ್ಕಷ್ಟೇ ತೆರೆಯುವ ಪರಿಪಾಠವಿದ್ದರೆ ಅದನ್ನು ಇಂದೇ ಕೈಬಿಡಲಿ.

ಪ್ರಶಿಕ್ಷಣಾರ್ಥಿಗಳೇ, ಸಾಲ ಮಾಡಿ, ಒಡವೆ ಅಡವಿಟ್ಟು ನಿಮ್ಮನ್ನು ಓದಿಸುತ್ತಿರುವ ತಂದೆ ತಾಯಂದಿರಿದ್ದಾರೆ. ನೀವು ತೆತ್ತ ಶುಲ್ಕಕ್ಕೆ ಅಂಕಪಟ್ಟಿಯನ್ನಷ್ಟೇ ಅಲ್ಲ, ವಿದ್ಯೆಯನ್ನೂ ಕೇಳಿ ಪಡೆಯಿರಿ. ‘ನಮ್ಮ ಪಾಠವನ್ನು ಬಂದು ನೋಡಿ’ ಎಂದು ನಿಮ್ಮ ಅಧ್ಯಾಪಕರನ್ನು ಒತ್ತಾಯಿಸಿ. ನೀವು ಈಗ ಕೇಳದೆ ಬಿಟ್ಟದ್ದರ ನಷ್ಟವನ್ನು ಮುಂದೆ ಮೂವತ್ತು ವರ್ಷಗಳ ಕಾಲ ಅನುಭವಿಸುವವರು ನಿಮ್ಮ ತರಗತಿಯ ಮಕ್ಕಳು.